ಈ ದಿನದ ದರ: ಉಪ್ಪು

ನಮ್ಮ ಊರಿನಲ್ಲಿ ಎದುರು ಸಿಕ್ಕವರನ್ನು ಊಟ ಆಯಿತೇ ಎಂದು ಯಾರೂ ಕೇಳುವುದಿಲ್ಲ. ‘ಏನು ಕೊಟ್ರಿ?’ ಎಂದು ಕೇಳುತ್ತಾರೆ. ಕೇಳಿಸಿಕೊಂಡವರು ‘ನುಗ್ಗೇಕಾಯಿ’ ಎಂದೋ, ‘ಹೋದ ಬೇಸಿಗೇಲಿ ಹಲಸು ಹೋಯ್ತು, ಈ ಸಲ ಆ ಕಡೆ ತಲೆ ಹಾಕಿಲ್ಲ’ ಎಂದೋ ಹೇಳಿ ಮುಂದೆ ನಡೆಯುತ್ತಾರೆ. ವಿನೋದವನದ ಟಿಕೆಟ್ಟಿನ ಮಾತು ಅದು. ಕೌಂಟರಿನ ಮುಂದೆ ನಾಲಿಗೆ ಚಾಚಬೇಕು. ಅದರ ಮೇಲೆ ಬೆರಳಗಲದ ಬಿಳಿ ಚೀಟಿಯೊಂದನ್ನು ಇಡುತ್ತಾರೆ. ಚೀಟಿ ಒದ್ದೆಯಾದ ಮೇಲೆ ಚಿಮಟದಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಆ ದಿನದ ದರ ಯಾವ ರುಚಿಯೋ ಆ ರುಚಿ ನಿಮ್ಮ ನಾಲಿಗೆ ಬಿಟ್ಟು ಹೋಯಿತು, ಗೇಟು ತೆರೆಯಿತು, ಒಳಗೆ ಹೋಗಿ ಎಷ್ಟು ಬೇಕಾದರೂ ಕುಣಿಯಿರಿ.

ದರ ದಿನಕ್ಕೊಂದು. ಮಳೆಗಾಲದಲ್ಲಿ ವಾರದ ನಡುವೆ ಹೋದರೆ ಸೋರೆಕಾಯಿಯನ್ನೋ ಸೀಮೆಬದನೆಯನ್ನೋ ಕೊಟ್ಟು ಬರಬಹುದು. ಕಳೆದುಕೊಂಡೆ ಅಂತಲೂ ಅನ್ನಿಸುವುದಿಲ್ಲ. ಭಾನುವಾರವಾದರೆ ಬೆಲ್ಲ, ರಜದ ದಿನಗಳಲ್ಲಿ ಮಾವು, ಕಾಫಿ. ಜನ ಹೆಚ್ಚಿದಷ್ಟೂ ದರ ನಾಲಿಗೆಯ ಬುಡಕ್ಕೆ ಇಳಿಯುತ್ತದೆ. ಬೆಳಿಗ್ಗೆ ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಹಾಗಲಕಾಯಿ ಎಂದು ಒಂದು ದಿನಕ್ಕಾದರೂ ಬರೆದದ್ದನ್ನು ನಾನು ಕಂಡಿಲ್ಲ.

ವಿನೋದವನದ ಎದುರಿಗೇ ಇರುವ ಸುಖನಿವಾಸ ಲಾಡ್ಜಿನಲ್ಲಿ ನಾನು ಅಡಿಗೆಯವಳು. ಕೋಳಿ ಕೂಗುವ ಹೊತ್ತಿಗೆ ಅಲ್ಲಿ ಇಡ್ಲಿ ಪಾತ್ರೆ ಒಲೆಗೇರಿಸುತ್ತೇನೆ. ಸಂಜೆ ಮನೆಗೆ ಬಂದು ಇನ್ನೊಂದು ಒಲೆ ಹಚ್ಚುತ್ತೇನೆ. ನಮ್ಮವರು ಆಟೊ ಓಡಿಸುತ್ತಾರೆ, ಸ್ಟೇಷನ್ನಿನಿಂದ ಲಾಡ್ಜಿಗೆ, ಲಾಡ್ಜಿನಿಂದ ಸ್ಟೇಷನ್ನಿಗೆ. ಮಗಳು ಮೇದಿನಿ ಏಳನೇ ಕ್ಲಾಸು. ಅಡಿಗೆ ಮಾಡುವಾಗ ರುಚಿ ನೋಡುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ. ಬಡಿಸುವ ಮುಂಚೆ ನಾಲಿಗೆಗೆ ತಾಗಿಸಿದರೆ ಎಂಜಲು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದರು. ಉಪ್ಪೇನಿದ್ದರೂ ಕೈ ಅಂದಾಜು. ಆ ಕೈ ತಪ್ಪಿತೋ ಇಲ್ಲವೋ ಎಂದು ಗೊತ್ತಾಗುವುದು ಎಲ್ಲರದೂ ಆಗಿ ಕಡೆಗೆ ನಾನು ಕೂತು ಉಣ್ಣುವಾಗ. ಅಷ್ಟರೊಳಗೆ ನಮ್ಮವರು ಹೇಳಿಬಿಟ್ಟಿರುತ್ತಾರೆ. ಮದುವೆಯಾದ ಮಾರನೆಯ ದಿನದಿಂದ ಒಂದೇ ಮಾತು. ಮೊದಲ ತುತ್ತು ಬಾಯಿಗಿಟ್ಟು, ಎರಡು ಸಲ ಅಗಿದು, ಛಾವಣಿ ನೋಡಿ ‘ಉಪ್ಪು ಒಂದು ಕಾಳು ಕಮ್ಮಿ.’ ಹಬ್ಬವಿರಲಿ, ಜ್ವರ ಬಂದಿರಲಿ, ಅವರಮ್ಮನೇ ಬಂದು ಮಾಡಿರಲಿ, ಅದೇ ಮಾತು. ಉಪ್ಪಿನ ಡಬ್ಬಿ ಪಕ್ಕದಲ್ಲಿಟ್ಟರೆ ಹಾಕಿಕೊಳ್ಳುವುದೂ ಇಲ್ಲ. ಹೇಳಬೇಕಿತ್ತು, ಹೇಳಿದ್ದಾಯಿತು.

ಲಾಡ್ಜಿನಲ್ಲಿ ಉಳಿದವರನ್ನು ಮುಂಚೆ ವಿನೋದವನದವರು ಅಳಿಯಂದಿರ ಹಾಗೆ ನಡೆಸಿಕೊಳ್ಳುತ್ತಿದ್ದರು. ರೂಮಿನ ಬೀಗದ ಕೈ ತೋರಿಸಿದರೆ ಗೇಟು ತೆರೆಯುವ ಮುಂಚೆಯೇ ಒಳಗೆ ಬಿಡುತ್ತಿದ್ದರು. ಮುಗಿಲು ತೊಟ್ಟಿಲು ಎಂದು ಕರೆಯುವ ಜಯಂಟ್ ವೀಲಿಗೆ ಸಾಲು ನಿಲ್ಲಬೇಕಿರಲಿಲ್ಲ. ನೀರಾಟಕ್ಕೆ ಟವಲು ಅವರದೇ. ಎಲ್ಲಕ್ಕಿಂತ ದೊಡ್ಡದು, ಕೊಟ್ಟ ರುಚಿ ಮಾರನೆಯ ಬೆಳಿಗ್ಗೆ ವಾಪಸು ಬರುತ್ತಿತ್ತು. ವಿನೋದವನದ ದೇವೀರಪ್ಪ, ನಮ್ಮವರ ಜೊತೆ ಓದಿದವನು, ಒಂದು ತಟ್ಟೆಯಲ್ಲಿ ಹಿಂದಿನ ದಿನದ ಚೀಟಿಗಳನ್ನು ತರುತ್ತಿದ್ದ. ರೂಮಿಗೊಂದು ಲೋಟದಂತೆ ಬಿಸಿನೀರಿನಲ್ಲಿ ನೆನೆಸಿಡುತ್ತಿದ್ದ. ಅತಿಥಿಗಳು ಎದ್ದು ಬಂದು ಆ ನೀರು ಕುಡಿದು ಇಡ್ಲಿಗೆ ಕೂರುತ್ತಿದ್ದರು. ಒಂದು ಸಲ ಲೋಟ ಅದಲುಬದಲಾಗಿ, ಬೆಳ್ಳುಳ್ಳಿ ವಾಸನೆಗೇ ಎದ್ದು ಹೋಗುತ್ತಿದ್ದ ಮುದುಕರೊಬ್ಬರು ಬೆಳ್ಳುಳ್ಳಿ ಚಟ್ನಿ ಇದೆಯೇ ಎಂದು ಅಡಿಗೆಮನೆ ಬಾಗಿಲಿಗೆ ಬಂದು ಪಿಸುಮಾತಿನಲ್ಲಿ ಕೇಳಿದ್ದರು. ಅದೊಂದು ಬಿಟ್ಟರೆ ತೊಂದರೆಯಾದದ್ದಿಲ್ಲ. ಹೋದ ರುಚಿ ಆಗತಾನೇ ಬಂದಿರುತ್ತಿತ್ತಲ್ಲ, ಮೊದಲ ತುತ್ತಿಗೆ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಸುಖನಿವಾಸದ ವಾರಿಜಕ್ಕನ ಕೈರುಚಿ ಎಂದು ದೂರದೂರಿನವರೂ ಮಾತಾಡಿಕೊಳ್ಳುವಂತಾದದ್ದು ಹಾಗೆ. ಇದನ್ನು ನಮ್ಮವರು ನನಗೆ ವರ್ಷಕ್ಕೊಮ್ಮೆಯಾದರೂ ನೆನಪಿಸುತ್ತಾರೆ.

ಈ ಸವಲತ್ತುಗಳೆಲ್ಲ ಒಂದೇ ದಿನ ಹೋಗಲಿಲ್ಲ. ಮೊದಲು ಟವಲು ಹೋಯಿತು. ಯಾರೂ ಬಾಯಿ ಬಿಡಲಿಲ್ಲ, ಟವಲು ತಾನೇ. ಆಮೇಲೆ ಮುಂಚೆ ಬಿಡುವುದು ಹೋಯಿತು. ಆಮೇಲೆ ತೊಟ್ಟಿಲಿಗೂ ಸಾಲು ನಿಲ್ಲಿ ಎಂದರು. ಈ ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ಲಾಡ್ಜಿನ ಮಾಲೀಕರಾದ ಅನಂತರಾಮರಾಯರ ಮೇಜಿನ ಹಿಂದಿನ ಗೋಡೆಗೆ ಬಣ್ಣದ ಕಾಗದವೊಂದನ್ನು ಅಂಟಿಸಿ ಹೋದರು. ಅದರಲ್ಲಿ ನಗುವ ಆನೆಯ ಚಿತ್ರವಿತ್ತು. ರಾಯರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದರು. ‘ಅತಿಥಿಗಳ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸುವ ಸಲುವಾಗಿ, ರುಚಿ ಮರಳಿಸುವ ಸೇವೆಯನ್ನು ನಿಲ್ಲಿಸಲಾಗಿದೆ.’

“ಅಂದ್ರೆ?” ಅಂದೆ.

“ಅಂದ್ರೆ ಕೊಟ್ಟಿದ್ದು ಹೋಯ್ತು ಅಂತ.”

“ಅದರಿಂದ ಯಾರ ಅನುಭವ ಉತ್ತಮ ಆಗತ್ತೆ?”

“ಆನೇದು ಇರ್ಬೇಕು,” ಅಂದರು ರಾಯರು. “ಅದೊಂದೇ ನಗ್ತಿರೋದು.”

ಚೀಟಿಗಳು ಈಗ ಅಂದಂದಿನ ಸಂಜೆಯೇ ಲಾರಿ ಹತ್ತಿ ಎಲ್ಲಿಗೋ ಹೋಗುತ್ತವೆ. ಎಲ್ಲಿಗೆ ಎಂದು ದೇವೀರಪ್ಪನಿಗೂ ಗೊತ್ತಿಲ್ಲ. ನೀರು ತರುವ ಕೆಲಸ ಹೋದ ಮೇಲೆ ಅವನನ್ನು ಟಿಕೆಟ್ ಕೌಂಟರಿಗೆ ಹಾಕಿದರು.

ಸೇವೆ ನಿಂತದ್ದು ವಿನೋದವನದಲ್ಲಿ, ಬೈಗುಳ ಬಿದ್ದದ್ದು ನನಗೆ. ಆ ವಾರವೇ ಹಲಗೆಯ ಮೇಲೆ ಮೊತ್ತಮೊದಲ ಬಾರಿಗೆ ‘ಉಪ್ಪು’ ಎಂದು ಬರೆದರು. ಅದುವರೆಗೆ ಉಪ್ಪಿಗೆ ಕೈ ಹಾಕಿದವರಿರಲಿಲ್ಲ. ಶನಿವಾರ ಭಾನುವಾರ ಹೊರಗಿನಿಂದ ಬಂದವರು, ಬಂದದ್ದಾಗಿದೆ, ಮಕ್ಕಳು ಅಳುತ್ತಿವೆ ಎಂದು ಉಪ್ಪು ಕೊಟ್ಟು ಒಳಗೆ ಹೋಗಿ ಆಡಿ ಬಂದು ಮಲಗಿದರು. ಸೋಮವಾರ ಬೆಳಿಗ್ಗೆ ಊಟದ ಹಾಲಿನಲ್ಲಿ ಗಲಾಟೆ. ಚಿನ್ನದ ಕಟ್ಟಿನ ಗಡಿಯಾರ ಕಟ್ಟಿದ್ದ ದಪ್ಪ ಮನುಷ್ಯರೊಬ್ಬರು ತಟ್ಟೆ ಹಿಡಿದುಕೊಂಡು ಅಡಿಗೆಮನೆಗೇ ಬಂದರು.

“ಏನಮ್ಮಾ ಇದು? ಉಪ್ಪಿಟ್ಟಲ್ಲಿ ಉಪ್ಪು ಬಿಟ್ಟು ಬರೀ ಇಟ್ಟು ಮಾಡಿದೀರಲ್ಲ.”

“ಹಾಕಿದೀನಿ ಸ್ವಾಮಿ. ನೀವು ನಿನ್ನೆ ಗೇಟಲ್ಲಿ ಏನು ಕೊಟ್ರಿ?”

“ಅದು ಅಲ್ಲೀದಾಯ್ತು. ಇಲ್ಲಿ ತಿಂಡಿ ಸೇರಿಸೇ ರೂಮು ತಗೊಂಡಿರೋದು.”

ಅವರಿಗೆಂದು ಒಂದು ಹಿಡಿ ಹೆಚ್ಚಿಗೆ ಹಾಕಿ ಕೊಟ್ಟೆ. ಅವರಿಗೆ ಆಗಲೂ ಗೊತ್ತಾಗಲಿಲ್ಲ. ಅದೇ ಬಾಣಲೆಯಿಂದ ಬಡಿಸಿಕೊಂಡ ಪಕ್ಕದ ಮೇಜಿನ ಹೆಂಗಸು, ಅವರಿನ್ನೂ ಗೇಟಿಗೆ ಹೋಗಿಯೇ ಇರಲಿಲ್ಲ, ಮೊದಲ ತುತ್ತನ್ನು ಕೈಯೊಳಕ್ಕೇ ಉಗಿದು “ಸಮುದ್ರ ಎಲ್ಲಿದೆ ಇಲ್ಲಿ?” ಎಂದು ಕೇಳಿದರು. ಇಡೀ ವಾರ ಹೀಗೆಯೇ ನಡೆಯಿತು. ಒಬ್ಬರಿಗೆ ಬೆಲ್ಲ ಇಲ್ಲ, ಒಬ್ಬರಿಗೆ ಕಾಫಿ ಬರೀ ಬಿಸಿನೀರು, ಒಬ್ಬರಿಗೆ ಉಪ್ಪು ಜಾಸ್ತಿ, ಒಬ್ಬರಿಗೆ ಉಪ್ಪೇ ಇಲ್ಲ. ಬಡಿಸುವ ಮುಂಚೆ ಪ್ರತಿಯೊಬ್ಬರನ್ನೂ ಏನು ಕೊಟ್ರಿ, ಏನು ಕೊಟ್ರಿ ಎಂದು ಡಾಕ್ಟರ ಹಾಗೆ ಕೇಳಿಕೊಂಡು ಬಂದೆ. ಕೇಳಿದ್ದಕ್ಕೂ ಸಿಟ್ಟು. ‘ಅದೆಲ್ಲ ನಿಮಗ್ಯಾಕೆ’ ಎಂದವರೂ ಇದ್ದರು.

ಕಡೆಗೆ ರಾಯರೇ ಅಡಿಗೆಮನೆಗೆ ಬಂದು, ಲಾಡ್ಜಿನ ಹೆಸರಿಗೆ ತಕ್ಕ ಸುಖ ಒಂದು ದಿನವೂ ಕಾಣದ ಮುಖ ಮಾಡಿಕೊಂಡು ಸ್ಟೂಲಿನ ಮೇಲೆ ಕುಳಿತರು.

“ವಾರಿಜಮ್ಮ, ಇನ್ಮೇಲೆ ಯಾವುದಕ್ಕೂ ಉಪ್ಪು ಹಾಕ್ಬೇಡಿ. ಮೇಜಿನ ಮೇಲೆ ಬಟ್ಟಲಲ್ಲಿ ಇಟ್ಬಿಡೋಣ. ಅವರವರ ಕರ್ಮ ಅವರವರೇ ಹಾಕ್ಕೊಳ್ಲಿ.”

“ಉಪ್ಪಿಲ್ದೆ ಸಾರು ಕುದಿಸೋದಾ? ಸೂತಕದ ಮನೆ ಅಡಿಗೆ ಆಗತ್ತೆ ರಾಯರೇ. ಮೇಲೆ ಉದುರಿಸ್ಕೊಂಡ್ರೆ ಬೇಳೆಗೆ ಹಿಡಿಯತ್ತಾ?”

“ಬೇಳೆಗೆ ಹಿಡಿಯೋದು ಬೇಡ. ನನ್ನನ್ನ ಹಿಡ್ಕೊಳ್ದೇ ಇದ್ರೆ ಸಾಕು. ನಾಲ್ಕು ರೂಮು ಖಾಲಿ ಬಿದ್ದಿದೆ. ಬೀಗದ ಕೈಗೆ ಬೆಲೆ ಇಲ್ಲ ಅಂದ್ಮೇಲೆ ಯಾರು ಬರ್ತಾರೆ ಈ ಸೊಳ್ಳೆಗೆ?”

ಹೀಗೆ ನಾನು ಉಪ್ಪಿಲ್ಲದೆ ಅಡಿಗೆ ಮಾಡುವವಳಾದೆ. ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತಿತ್ತು, ಎಳೆದುಕೊಳ್ಳುತ್ತಿದ್ದೆ. ಕೆಲವು ದಿನ ಎಳೆದುಕೊಂಡ ಮೇಲೆ ಅದೂ ಹೋಗುವುದನ್ನು ಬಿಟ್ಟಿತು. ಇಷ್ಟಾದರೂ ಸಹಿಸಿಕೊಂಡೇನು. ನನ್ನನ್ನು ನಿಜವಾಗಿ ಉರಿಸಿದ್ದು ಮೇದಿನಿಯ ಹುಟ್ಟಿದ ಹಬ್ಬದ ವಿಷಯ.

ಲಾಡ್ಜಿನಲ್ಲಿ ಒಂದು ಪದ್ಧತಿ ಇದೆ. ಕೆಲಸದವರ ಮಕ್ಕಳ ಹುಟ್ಟಿದ ಹಬ್ಬಕ್ಕೆ ರಾಯರು ಒಂದು ರೂಮಿನ ಬೀಗದ ಕೈ ಕೊಡುತ್ತಾರೆ. ನೀರಿನ ಟ್ಯಾಂಕಿನ ಕೆಳಗಿನ ರೂಮು, ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ, ದುಡ್ಡು ಕೊಟ್ಟು ಯಾರೂ ಇರುವುದಿಲ್ಲ. ಆದರೆ ಆ ಒಂದು ದಿನ ನಾವು ಅತಿಥಿಗಳು. ಬೀಗದ ಕೈ ತೋರಿಸಿ ಒಳಗೆ ಹೋಗುವುದು, ದರ ಏನಿದ್ದರೂ ಕೊಡುವುದು, ಮಾರನೆಯ ಬೆಳಿಗ್ಗೆ ನೀರು ಕುಡಿದು ವಾಪಸು ಪಡೆಯುವುದು. ಮೇದಿನಿ ಬೆಲ್ಲ ಕೊಟ್ಟು ಬಂದ ವರ್ಷ ರಾತ್ರಿ ಪಾಯಸ ಉಣ್ಣದೆ ಎತ್ತಿಟ್ಟು, ಬೆಳಿಗ್ಗೆ ನೀರು ಕುಡಿದ ಮೇಲೆ ಬಟ್ಟಲು ನೆಕ್ಕಿದ್ದಳು.

ಅವಳಿಗೆ ಮುಗಿಲು ತೊಟ್ಟಿಲು ಮಾತ್ರ ಇದುವರೆಗೆ ಸಿಕ್ಕಿರಲಿಲ್ಲ. ತೊಟ್ಟಿಲಿನ ಮುಂದೆ ಒಂದು ಮರದ ಗಿಣಿ ನಿಲ್ಲಿಸಿದ್ದಾರೆ. ಅದರ ಕೊಕ್ಕಿಗಿಂತ ಕುಳ್ಳಗಿರುವ ಮಕ್ಕಳನ್ನು ಹತ್ತಿಸುವುದಿಲ್ಲ. ಪ್ರತಿ ವರ್ಷ ಇವಳು ಗಿಣಿಯ ಪಕ್ಕ ನಿಂತು ಕತ್ತು ನಿಗುರಿಸುವುದು, ತೊಟ್ಟಿಲಿನವನು ತಲೆ ಆಡಿಸುವುದು, ಇವಳು ಇಡೀ ದಿನ ಬುಡದಲ್ಲಿ ನಿಂತು ಮೇಲೆ ನೋಡುವುದು. ‘ಕೊಕ್ಕು ದಾಟಿದ ವರ್ಷ ಏನೇ ಆಗಲಿ ಹತ್ತಿಸ್ತೀನಿ’ ಎಂದು ನಾನೇ ಮಾತು ಕೊಟ್ಟಿದ್ದೆ. ಈ ವರ್ಷ ಅವಳು ದಾಟಿದಳು. ಹುಟ್ಟಿದ ಹಬ್ಬ ಬೇಸಿಗೆ ರಜದ ಭಾನುವಾರವೇ ಬಂತು.

ಬೀಗದ ಕೈಯಿಂದ ಈಗ ಏನೂ ಉಪಯೋಗವಿಲ್ಲ ಎಂದು ಗೊತ್ತಿತ್ತು. ಆದರೂ ರಾಯರು ಕರೆದು ಕೊಟ್ಟರು. “ತಗೊಳ್ಳಿ, ಪದ್ಧತಿ ಬಿಡೋದು ಬೇಡ,” ಎಂದು ಬೇರೆ ಕಡೆ ನೋಡಿದರು. ಮೇದಿನಿಗೆ ಹಸಿರು ಲಂಗ ಉಡಿಸಿ ಕರೆದುಕೊಂಡು ಹೋದೆ. ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಈ ದಿನದ ದರ: ಉಪ್ಪು. ಮಕ್ಕಳಿಗೂ ಅದೇ. ಮಕ್ಕಳ ಜೊತೆ ಟಿಕೆಟ್ ಪಡೆದ ದೊಡ್ಡವರು ಇರಲೇಬೇಕು.

ಕೌಂಟರಿನ ಜಾಲರಿಯ ಹಿಂದೆ ದೇವೀರಪ್ಪ ಕೂತಿದ್ದ.

“ಏನು ವಾರಿಜಕ್ಕ, ಇವತ್ತೇ ಬಂದ್ರಿ? ಮಂಗಳವಾರ ಬರಬಾರ್ದಿತ್ತಾ? ಬೂದುಗುಂಬಳಕ್ಕೆ ಇಳಿಯತ್ತೆ.”

“ಹುಟ್ಟಿದ ಹಬ್ಬ ಮಂಗಳವಾರಕ್ಕೆ ಹೋಗತ್ತೇನೋ? ತೊಟ್ಟಿಲಾದ್ರೂ ಈಗ ಭಾನುವಾರ ಬಿಟ್ಟು ಬೇರೆ ದಿನ ತಿರುಗಿಸ್ತೀರಾ? ಇಗೋ ಬೀಗದ ಕೈ.”

“ಅಯ್ಯೋ, ಅದು ಈಗ ಬೀಗ ತೆಗೆಯೋಕೆ ಮಾತ್ರ ಅಕ್ಕ.”

“ಸರಿ. ಉಪ್ಪು ಬೇಡ, ಬೇರೆ ತಗೋ. ಹಾಗಲಕಾಯಿ ತಗೋ. ಇಬ್ಬರದೂ ತಗೋ. ಜೊತೆಗೆ ಬೇವು ಹಾಕ್ಕೊಡ್ತೀನಿ.”

ದೇವೀರಪ್ಪ ನಕ್ಕ. “ಬಂದವರೆಲ್ಲ ಹಾಗಲಕಾಯೇ ತರ್ತಾರೆ. ಗೋಡೌನು ತುಂಬ ಹಾಗಲಕಾಯಿ ಇಟ್ಕೊಂಡು ನಾವೇನು ಮಾಡೋಣ ಹೇಳಿ.”

“ಉಪ್ಪು ಇಟ್ಕೊಂಡು ಏನು ಮಾಡ್ತೀರೋ ಅದನ್ನೇ ಮಾಡಿ. ಸುವರ್ಣಗೆಡ್ಡೆ ಆಗತ್ತಾ? ನುಗ್ಗೆಸೊಪ್ಪು? ನನ್ನ ಕಾಫಿ ತಗೋ, ಹೋಗ್ಲಿ.” ಬೆಳಗಿನ ಆ ಒಂದು ಲೋಟದ ಮೇಲೆ ನಾನು ಇಡೀ ದಿನ ಓಡುತ್ತೇನೆ.

“ಹಲಗೇಲಿ ಏನಿದೆಯೋ ಅದೇ ಅಕ್ಕ. ನನ್ನ ಕೈಲಿಲ್ಲ.”

“ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ನನ್ನ ಅಡಿಗೆಮನೆ ಕಟ್ಟೆ ಮೇಲೆ ಕೂತು ಇಡ್ಲಿ ತಿಂದ್ಯಲ್ಲೋ. ಅಡಿಗೆಯವಳ ಉಪ್ಪು ಕೇಳೋಕೆ ನಾಲಿಗೆ ಹೇಗೆ ಬರತ್ತೆ ನಿನಗೆ?”

ಅವನು ತಲೆ ತಗ್ಗಿಸಿದ. ಹಿಂದಿನಿಂದ ಯಾರೋ “ಬೇಗ ಬೇಗ” ಎಂದರು. ದೇವೀರಪ್ಪ ಮೆಲ್ಲಗೆ, “ಹೇಗೂ ಲಾಡ್ಜಲ್ಲಿ ಈಗ ನೀವು ಉಪ್ಪು ಹಾಕ್ತಿಲ್ವಲ್ಲಕ್ಕ,” ಎಂದ. ಅವನು ಚುಚ್ಚಲಿಕ್ಕೆ ಹೇಳಿದ್ದಲ್ಲ. ದಾರಿ ತೋರಿಸಲಿಕ್ಕೆ ಹೇಳಿದ್ದು. ಆದರೂ ನನಗೆ ಜಾಲರಿಯೊಳಗೆ ಕೈ ಹಾಕಿ ಅವನ ಕಿವಿ ಹಿಂಡಬೇಕೆನ್ನಿಸಿತು.

ನನಗಿಂತ ಮುಂಚೆ ಸುಖನಿವಾಸದಲ್ಲಿ ಅಡಿಗೆಗಿದ್ದವನು ಮಕ್ಕಳನ್ನು ಕರೆದುಕೊಂಡು ಹೋಗಿ ಹುಣಸೆ ಕೊಟ್ಟು ಬಂದಿದ್ದ. ಹುಟ್ಟಿದ ಹಬ್ಬವಲ್ಲದ್ದರಿಂದ ಬೀಗದ ಕೈ ಸಿಕ್ಕಿರಲಿಲ್ಲ, ಕೊಟ್ಟದ್ದು ವಾಪಸು ಬರಲಿಲ್ಲ. ಅವನು ರುಚಿ ನೋಡಿ ನೋಡಿ ಮಾಡುವವನು. ಹುಣಸೆ ಹೋದ ಮೇಲೆ ಅವನ ಹುಳಿ ಒಂದು ದಿನ ಹಲ್ಲು ಚಳಿಯುವಂತೆ, ಒಂದು ದಿನ ಬೇಳೆಕಟ್ಟಿನಂತೆ ಆಗಿ, ಮೊದಲು ಮದುವೆಮನೆಯವರು ಕರೆಯುವುದನ್ನು ಬಿಟ್ಟರು, ಆಮೇಲೆ ರಾಯರು ಪಾತ್ರೆ ತೊಳೆಯಲು ಹಾಕಿದರು. ಈಗ ಎಲ್ಲಿದ್ದಾನೋ. ನಾನು ರುಚಿ ನೋಡದೆ ಮಾಡುವವಳೇ ಹೌದು. ಆದರೆ ಕಡೆಗೆ ಉಣ್ಣಲು ಕೂತಾಗ ಇಂದು ಹೀಗಾಯಿತು ಎಂದು ಕೈಗೆ ಬುದ್ಧಿ ಹೇಳುವುದು ನಾಲಿಗೆ ತಾನೇ? ಅದು ಮೂಕವಾದರೆ ಕೈ ಎಷ್ಟು ದಿನ ನೆಟ್ಟಗಿದ್ದೀತು? ಮಳೆ ಬಿದ್ದು ದರ ಇಳಿದ ಮೇಲೆ ರಾಯರು ಮತ್ತೆ ಉಪ್ಪು ಹಾಕಿ ಎನ್ನುತ್ತಾರೆ. ಮದುವೆಮನೆಗಳಲ್ಲಂತೂ ಹಾಕದೆ ಆಗುವುದಿಲ್ಲ. ಈ ಮನೆ ನಡೆಯುವುದು ಅರ್ಧ ಆಟೊ ಮೇಲೆ, ಅರ್ಧ ನನ್ನ ಕೈ ಮೇಲೆ.

“ಅಮ್ಮ,” ಅಂದಳು ಮೇದಿನಿ, “ನಾನು ನಂದು ಕೊಡ್ತೀನಿ. ನೀನು ಹೊರಗೇ ನಿಂತಿರು.”

“ದೊಡ್ಡವರು ಜೊತೇಲಿರಬೇಕು ಪುಟ್ಟಿ,” ಅಂದ ದೇವೀರಪ್ಪ.

“ನಿನ್ನ ಉಪ್ಪನ್ನ ಕೊಡೋಕೆ ನಿನಗೆ ಬಿಟ್ಟೋರು ಯಾರು?” ಎಂದು ನಾನು ಅವಳ ಮೇಲೇ ರೇಗಿದೆ. “ಇನ್ನೂ ಎಷ್ಟು ವರ್ಷ ಉಣ್ಣಬೇಕು ನೀನು ಗೊತ್ತಾ?”

ಸಾಲು ಬಿಟ್ಟು ಹೊರಗೆ ಬಂದೆವು. ಬೇಲಿಯ ಆಚೆ ಗಿಣಿ ಕಾಣುತ್ತಿತ್ತು. ಮೇದಿನಿ ಬೇಲಿಗೆ ಆತುಕೊಂಡು ಅದನ್ನೇ ನೋಡಿದಳು. ಅತ್ತಿದ್ದರೆ ಗದರಿಸಿ ಸುಮ್ಮನಾಗಿಸಬಹುದಿತ್ತು. ಅವಳು ಅಳಲಿಲ್ಲ. “ಸರಿ ಬಿಡಮ್ಮ,” ಅಂದಳು. ಮನೆಗೆ ಬಂದು ಪಾಯಸ ಮಾಡಿದೆ. ಕುಡಿದಳು. ಚೆನ್ನಾಗಿದೆ ಅಂದಳು. ಅಪ್ಪನಿಗೆ ಗೇಟಿನ ಹತ್ತಿರ ನಡೆದದ್ದನ್ನೆಲ್ಲ ನಗುನಗುತ್ತಾ ಹೇಳಿದಳು, ಬೇವು ಹಾಕ್ಕೊಡ್ತೀನಿ ಎಂದದ್ದನ್ನೂ ಸೇರಿಸಿ. ನಮ್ಮವರು ನಗಲಿಲ್ಲ. ಪಾಯಸದ ಬಟ್ಟಲು ತಿರುಗಿಸುತ್ತಾ ಕೂತಿದ್ದರು.

“ನೀವಾದ್ರೂ ಏನಾದ್ರೂ ಹೇಳಿ,” ಅಂದೆ.

“ಏನು ಹೇಳೋದು? ನೀನು ಕೊಡದೇ ಇದ್ದಿದ್ದು ಸರಿ.”

“ಮತ್ತೆ ಮುಖ ಯಾಕೆ ಹಾಗಿದೆ?”

“ಪಾಯಸಕ್ಕೆ ಉಪ್ಪು ಒಂದು ಕಾಳು ಕಮ್ಮಿ,” ಅಂದರು. ಪಾಯಸವನ್ನೂ ಬಿಡಲಿಲ್ಲ ನೋಡಿ.

ಅದರ ಮುಂದಿನ ಭಾನುವಾರ ನಾನು ಲಾಡ್ಜಿನ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದೆ. ಉಪ್ಪಿಲ್ಲದ ಸಂಡಿಗೆ. ಇಂಥದ್ದನ್ನು ಕಾಗೆ ಕೂಡ ತಿನ್ನಲಿಕ್ಕಿಲ್ಲ ಎಂದುಕೊಂಡಿದ್ದೆ, ಅವೇನೂ ಬೇಡವೆನ್ನಲಿಲ್ಲ. ಹಳೆಯ ಕೆಂಪು ಟವಲು ಹಿಡಿದು ಬಿಸಿಲಲ್ಲಿ ಓಡಿಸುತ್ತಾ ನಿಂತೆ. ಬೆಳಿಗ್ಗೆ ಹೊರಡುವಾಗಲೇ ನಮ್ಮವರು ಹೇಳಿದ್ದರು: “ಇವತ್ತು ಇವಳನ್ನ ಕರ್ಕೊಂಡ್ಹೋಗಿ ಸ್ಕೂಲಿಗೆ ಶೂ ತರ್ತೀನಿ.” ಭಾನುವಾರ ಬಾಡಿಗೆ ಬಿಟ್ಟು ಶೂ ತರುವ ಗಂಡಸು ಯಾರಾದರೂ ಇದ್ದಾರೆಯೇ? ನನಗೆ ಆಗಲೇ ಹೊಳೆಯಬೇಕಿತ್ತು. ಸಂಜೆ ಮನೆಗೆ ಬಂದರೆ ಶೂ ಇಲ್ಲ.

“ಅಳತೆ ಸಿಗಲಿಲ್ಲ,” ಅಂದರು.

“ಇಡೀ ಊರಲ್ಲಿ?”

“ಇವಳ ಕಾಲು ಒಂಥರಾ,” ಅಂದರು. ಮೇದಿನಿ ಕಾಲನ್ನು ಲಂಗದೊಳಕ್ಕೆ ಎಳೆದುಕೊಂಡಳು. ನನಗೆ ಬೆನ್ನು ಸುಡುತ್ತಿತ್ತು. ಹೋಗಲಿ ಬಿಡಿ ಎಂದು ಅನ್ನಕ್ಕೆ ಇಟ್ಟೆ.

ಆ ರಾತ್ರಿ ನಮ್ಮವರು ಸುಮ್ಮನೆ ಉಂಡೆದ್ದರು. ಮಾರನೆಯ ದಿನವೂ ಸುಮ್ಮನೆ. ಅದರ ಮಾರನೆಯ ದಿನ, ಒಂದು ತುತ್ತು ಬಾಯಿಗಿಟ್ಟು ಛಾವಣಿ ನೋಡುವ ಬದಲು ತಟ್ಟೆ ನೋಡಿ “ಹದವಾಗಿದೆ” ಅಂದರು. ನಾನು ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತೆ. ಇಷ್ಟು ವರ್ಷಕ್ಕೆ ಬುದ್ಧಿ ಬಂತು ಎಂದುಕೊಂಡೆ. ಉಪ್ಪಿಲ್ಲದೆ ಊರೆಲ್ಲ ಪಡುತ್ತಿರುವ ಪಾಡು ನೋಡಿ, ಮನೆಯಲ್ಲಿ ಸಿಗುವುದರ ಬೆಲೆ ತಿಳಿದಿರಬೇಕು. ರಾಯರ ಹತ್ತಿರ ಹೇಳಿಕೊಂಡೆ ಕೂಡ. “ವಿನೋದವನದಿಂದ ಒಬ್ಬರಿಗಾದ್ರೂ ಒಳ್ಳೇದಾಯ್ತಲ್ಲ,” ಅಂದರು ಅವರು.

ಗುರುವಾರ ಲಾಡ್ಜಿನಲ್ಲಿ ದೊಡ್ಡ ಬಸ್ಸಿನ ಜನ ಇಳಿದಿದ್ದರು. ಹಬೆಯಲ್ಲಿ ನಿಂತು ನಿಂತು ಕಾಲು ಮರದ ತುಂಡಾಗಿತ್ತು. ಮನೆಗೆ ಬಂದು ಕಣ್ಣು ಮುಚ್ಚಿಕೊಂಡೇ ಎನ್ನುವ ಹಾಗೆ ಸಾರು ಮಾಡಿದೆ. ಬೇಳೆ ಬೇಯಿಸಿ, ಹುಣಸೆ ಹಿಂಡಿ, ಪುಡಿ ಹಾಕಿ, ಒಗ್ಗರಣೆ ಕೊಟ್ಟು ಇಳಿಸಿ ಇಬ್ಬರಿಗೂ ಬಡಿಸಿದೆ. ಅವರು ಸುರಿದುಕೊಂಡು ಉಂಡರು. ಮೇದಿನಿ ಎರಡನೇ ಸಲ ಹಾಕಿಸಿಕೊಂಡಳು. “ಇವತ್ತಂತೂ ಪಸಂದಾಗಿದೆ,” ಅಂದರು ನಮ್ಮವರು. ನನಗೆ ಆಯಾಸದಲ್ಲೂ ಒಂಚೂರು ಹಿಗ್ಗಾಯಿತು. ಅವರೆದುರಿಗೇ ನನ್ನ ತಟ್ಟೆ ಹಾಕಿಕೊಂಡು ಕೂತೆ.

ಮೊದಲ ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪಿರಲಿಲ್ಲ. ಕಮ್ಮಿಯಲ್ಲ, ಇರಲೇ ಇಲ್ಲ. ಲಾಡ್ಜಿನಲ್ಲಿ ಎಳೆದುಕೊಂಡು ಎಳೆದುಕೊಂಡು ಅಭ್ಯಾಸವಾದ ಕೈ ಮನೆಯಲ್ಲೂ ಡಬ್ಬಿಯ ಕಡೆ ಹೋಗಿರಲಿಲ್ಲ.

ಇನ್ನೊಂದು ತುತ್ತು ತಿಂದು ನೋಡಿದೆ. ಆಮೇಲೆ ತಲೆ ಎತ್ತಿ ಅವರಿಬ್ಬರನ್ನೂ ನೋಡಿದೆ. ಮೇದಿನಿ ತಟ್ಟೆಯಂಚಿನಲ್ಲಿ ಬೆರಳಾಡಿಸಿ ಸಾರು ನೆಕ್ಕುತ್ತಿದ್ದಳು. ನಮ್ಮವರು ನೀರಿನ ಚೊಂಬಿಗೆ ಕೈ ಚಾಚಿದವರು ನನ್ನ ಮುಖ ನೋಡಿ ಕೈಯನ್ನು ಅಲ್ಲೇ ನಿಲ್ಲಿಸಿದರು.

“ಸಾರು ಹೇಗಿದೆ?” ಅಂದೆ.

“ಆಗ್ಲೇ ಹೇಳಿದ್ನಲ್ಲ. ಪಸಂದಾಗಿದೆ.”

“ನಿನಗೆ ಮೇದಿನಿ?”

“ಚೆನ್ನಾಗಿದೆ ಅಮ್ಮ,” ಎಂದವಳು ಅಪ್ಪನ ಕಡೆ ನೋಡಿದಳು. ಆ ನೋಟದಲ್ಲೇ ಎಲ್ಲ ಇತ್ತು.

ನಾನು ಕೈಯಲ್ಲಿದ್ದ ತುತ್ತು ತಟ್ಟೆಗಿಟ್ಟೆ. “ಶೂ ಅಂಗಡಿಗೆ ಹೋಗಿದ್ರಿ ಅಲ್ವಾ ಇಬ್ಬರೂ? ಅಳತೆ ಸಿಗಲಿಲ್ಲ ಅಲ್ವಾ?”

ಮೇದಿನಿ ಮತ್ತೆ ಕಾಲನ್ನು ಲಂಗದೊಳಕ್ಕೆ ಎಳೆದುಕೊಂಡಳು.

“ನಿಮಗಂತೂ ಬುದ್ಧಿ ಇಲ್ಲ, ಅದು ಮದುವೇಲೇ ಗೊತ್ತಾಗಿತ್ತು. ಇವಳದನ್ನೂ ಕೊಡಿಸಿ ಬಂದ್ರಾ? ಒಂದು ಸುತ್ತಿಗೆ? ಹನ್ನೆರಡು ವರ್ಷದ ಹುಡುಗಿ ಇನ್ನು ಬದುಕಿರೋವರೆಗೂ ಸಪ್ಪೆ ಉಣ್ಣಬೇಕಾ?”

“ಒಂದು ಸುತ್ತಲ್ಲಮ್ಮ,” ಅಂದಳು ಮೇದಿನಿ. “ದೇವೀರಪ್ಪ ಮಾಮ ತೊಟ್ಟಿಲಿನವರಿಗೆ ಹೇಳಿ ತುಂಬ ಸುತ್ತಿಸಿದ್ರು. ಸಾಲಿನವರೆಲ್ಲ ಬೈತಾ ಇದ್ರು.”

“ಆಹಾ. ದೊಡ್ಡ ಉಪಕಾರ ಮಾಡಿದ. ಅವನ ಹತ್ರ ಚೀಟಿ ಇದೆಯಾ? ನಾಳೆ ಬೆಳಿಗ್ಗೆ ಹೋಗಿ ಕಾಲಿಗೆ ಬಿದ್ದಾದ್ರೂ…”

“ಲಾರಿ ಅವತ್ತೇ ಹೋಯ್ತು,” ಅಂದರು ನಮ್ಮವರು. ಆಮೇಲೆ ಚೊಂಬಿನ ಕಡೆ ನೋಡಿಕೊಂಡು ಹೇಳಿದರು. “ನಾನು ಇವಳದು ಬೇಡ ಅಂದೆ. ಇವಳದಕ್ಕೂ ಸೇರಿಸಿ ನನ್ನದೇ ಬೆಲ್ಲ ಕೊಡ್ತೀನಿ, ಖಾರ ಕೊಡ್ತೀನಿ ಅಂದೆ. ಒಂದು ಟಿಕೆಟ್ಟಿಗೆ ಒಂದೇ ನಾಲಿಗೆ ಅಂದ. ವಾಪಸ್ ಕರ್ಕೊಂಡು ಬರೋಣ ಅಂತ ತಿರುಗಿದ್ರೆ ಇವಳು ಜಾಲರಿ ಮುಂದೆ ನಾಲಿಗೆ ಚಾಚ್ಕೊಂಡು ನಿಂತಿದ್ಲು. ಅಮ್ಮ ಕೊಟ್ಟ ಮಾತು ಸುಳ್ಳಾಗಬಾರ್ದು ಅಂತ ಅಂದ್ಲು. ನಾನೇನು ಮಾಡ್ಲಿ? ನಿನ್ನ ಉಪ್ಪು ಹೋದ್ರೆ ಮನೆ ಹೋಗತ್ತೆ. ನನ್ನ ಉಪ್ಪು ಹೋದ್ರೆ ಏನು, ನಿನಗೆ ದಿನಾ ಒಂದು ರಗಳೆ ಕಮ್ಮಿ.”

ನನಗೆ ಬಂದ ಸಿಟ್ಟಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ವಿನೋದವನದ ಮೇಲೆ, ನಗುವ ಆನೆಯ ಮೇಲೆ, ದೇವೀರಪ್ಪನ ಮೇಲೆ, ಮಾತು ಕೊಟ್ಟ ನನ್ನ ಬಾಯಿಯ ಮೇಲೆ. ಇಷ್ಟು ವರ್ಷ ಕಾಳು ಕಮ್ಮಿ ಕಾಳು ಕಮ್ಮಿ ಎಂದು ಪ್ರಾಣ ತಿಂದು, ಕಡೆಗೆ ಆ ಮಾತನ್ನೇ ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಕೌಂಟರಿನಲ್ಲಿ ಇಟ್ಟು ಬಂದಿದ್ದರು ಈ ಮನುಷ್ಯ. ಇನ್ನು ಮುಂದೆ ನನಗೆ ಹೇಳುವವರು ಯಾರು?

“ಮೇಲಿಂದ ಏನು ಕಾಣ್ತು?” ಎಂದು ಕೇಳಿದೆ. ಬೈಯಬೇಕೆಂದು ಬಾಯಿ ತೆರೆದದ್ದು, ಅದು ಬಂತು.

ಮೇದಿನಿ ಮುಂದಕ್ಕೆ ಸರಿದು ಕೂತಳು. “ಎಲ್ಲಾ ಕಾಣತ್ತೆ ಅಮ್ಮ. ಸ್ಟೇಷನ್ನು, ನಮ್ಮ ಸ್ಕೂಲು, ಕೆರೆ. ಲಾಡ್ಜಿನ ತಾರಸಿ ಎಷ್ಟು ಚಿಕ್ಕದು ಗೊತ್ತಾ? ನೀನು ನಿಂತಿದ್ದೆ ಅಲ್ಲಿ. ನಾನು ಕೈ ಬೀಸಿದೆ. ನೀನೂ ಕೆಂಪು ಟವಲು ಬೀಸಿದೆ. ಪ್ರತಿ ಸುತ್ತಿಗೂ ಬೀಸಿದೆ. ಅಮ್ಮನಿಗೆ ಗೊತ್ತಾಗಿಬಿಟ್ಟಿದೆ, ಏನೂ ಬೈಯಲ್ಲ ಅಂತ ಅಪ್ಪ ಅಂದ್ರು.”

ಅದು ಕಾಗೆಗೆ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಎದ್ದು ಹೋಗಿ ಉಪ್ಪಿನ ಡಬ್ಬಿ ತಂದೆ. ನನ್ನ ತಟ್ಟೆಗಷ್ಟೇ ಉದುರಿಸಿಕೊಳ್ಳಬಹುದಿತ್ತು, ಲಾಡ್ಜಿನ ಅತಿಥಿಗಳ ಹಾಗೆ. ಅವರಿಗೆ ತಿಳಿಯಲಿ ಬಿಡಲಿ, ನನ್ನ ಮನೆಯ ಸಾರಿಗೆ ಉಪ್ಪು ಬೇಕು. ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು, ಕೈ ಅಂದಾಜಿಗೆ ಹಾಕಿ, ಎರಡು ಕುದಿ ಬರಿಸಿ, ಇಬ್ಬರ ತಟ್ಟೆಗೂ ಮತ್ತೆ ಬಡಿಸಿದೆ. ಹೊಟ್ಟೆ ತುಂಬಿದೆ ಎನ್ನಲು ಇಬ್ಬರಿಗೂ ಧೈರ್ಯವಿರಲಿಲ್ಲ.

ನಮ್ಮವರು ಒಂದು ತುತ್ತು ಕಲೆಸಿ ಬಾಯಿಗಿಟ್ಟರು. ಎರಡು ಸಲ ಅಗಿದರು. ನನ್ನ ಮುಖ ನೋಡಿದರು. ಆಮೇಲೆ ಛಾವಣಿ ನೋಡಿದರು.

“ಉಪ್ಪು ಒಂದು ಕಾಳು ಕಮ್ಮಿ,” ಅಂದರು.

“ಗೊತ್ತಾಗಿಬಿಡ್ತು ನಿಮಗೆ,” ಎಂದು ರೇಗಿ ನನ್ನ ತಟ್ಟೆಗೆ ಸಾರು ಹಾಕಿಕೊಂಡು ತಿಂದು ನೋಡಿದೆ.

ಕಮ್ಮಿಯೇ ಇತ್ತು. ಅವರಿಗೆ ಕಾಣದ ಹಾಗೆ ಪಾತ್ರೆಗೆ ಇನ್ನೊಂದು ಕಾಳು ಹಾಕಿದೆ.